ಪತ್ರಿಕಾ ದಿನದ ಪಟ್ಟಿಯಲ್ಲಿಲ್ಲದ ‘ಜನತಾ’

ಪ್ರತಿ ವರ್ಷ ಜುಲೈ 1ಕ್ಕೆ ಕನ್ನಡಿಗರು ಒಂದು ಪಟ್ಟಿ ಓದುತ್ತಾರೆ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ದಿಂದ ಪಟ್ಟಿ ಶುರುವಾಗುತ್ತದೆ. ನಡುವೆ ಹಲವು ಹೆಸರು ದಾಟಿ ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಬಂದಾಗ ಭಾಷಣಕಾರರ ದನಿ ಏರುತ್ತದೆ: ಧಾರವಾಡದಲ್ಲಿ 1921ರ ‘ಕರ್ಮವೀರ’, ಬೆಳಗಾವಿಯಲ್ಲಿ 1933ರ ‘ಸಂಯುಕ್ತ ಕರ್ನಾಟಕ’, ಮೈಸೂರು ಸೀಮೆಯ ‘ತಾಯಿನಾಡು’, ‘ವಿಶ್ವ ಕರ್ನಾಟಕ’. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಮುಂಬೈ, ಎಲ್ಲಿ ಸಭೆ ನಡೆದರೂ ಪಟ್ಟಿ ಹೆಚ್ಚುಕಡಿಮೆ ಇದೇ. ಶಾಲು, ಹಾರ, ಫಲಪುಷ್ಪ ಮುಗಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ.

ಆ ಪಟ್ಟಿಯನ್ನು ಮುಂಬೈಯ ಆಂಟಾಪ್ ಹಿಲ್‌ನಲ್ಲಿ ನಿಂತು ಓದಬೇಕು. ಆಗ ಅದರಲ್ಲಿರುವ ತೂತು ಕಾಣುತ್ತದೆ.

ಆಂಟಾಪ್ ಹಿಲ್ ಅಂದರೆ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸುಗಳು, ಗೋದಾಮುಗಳು, ಹಳೆಯ ಉಪ್ಪಿನ ಆಗರಗಳ ಅಂಚಿನಲ್ಲಿ ಎದ್ದ ಜೋಪಡಿಗಳು. ಆಗರ ಹೋದರೂ ಕೊಕರಿ ಆಗರ್ ಎಂಬ ಹೆಸರಿನಲ್ಲಿ ಆ ಪದ ಉಳಿದಿದೆ. ಕನ್ನಡದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಮಿಳು, ಮರಾಠಿ, ಹಿಂದಿಗಳ ನಡುವೆ ಇಲ್ಲಿ ಕನ್ನಡದ ಮನೆಗಳೂ ಇವೆ. ಕಲಬುರಗಿ, ವಿಜಯಪುರದ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅವರಲ್ಲಿ ದಲಿತರು ಸಾಕಷ್ಟು. ಮನೆಯೊಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಇಲ್ಲಿಂದ ಅವರು ವಾಸವಿದ್ದ ರಾಜಗೃಹಕ್ಕೆ, ಅಂದರೆ ದಾದರ್‌ನ ಹಿಂದೂ ಕಾಲೊನಿಗೆ, ಮೂರ್ನಾಲ್ಕು ಕಿಲೋಮೀಟರು. ನಾಯಗಾಂವ್ ಆ ಮಗ್ಗುಲಿಗೇ ಇದೆ. ಪರೇಲ್ ಇನ್ನು ಸ್ವಲ್ಪ ಮುಂದೆ.

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಈ ಮೂರು ಜಾಗಗಳ ಸುತ್ತಲೇ ಒಂದರ ಹಿಂದೊಂದು ನಾಲ್ಕು ಪತ್ರಿಕೆಗಳು ಹುಟ್ಟಿದವು. ‘ಮೂಕನಾಯಕ’, 1920. ‘ಬಹಿಷ್ಕೃತ ಭಾರತ’, 1927. ‘ಸಮತಾ’, 1928. ‘ಜನತಾ’, 1930. ಇವು ಮರಾಠಿ ಪತ್ರಿಕೆಗಳು. ಆದರೆ ಈ ಹೆಸರುಗಳಲ್ಲಿ ಒಂದನ್ನಾದರೂ ಕನ್ನಡಕ್ಕೆ ಅನುವಾದ ಮಾಡಬೇಕೇ? ಕೊನೆಯದು 1936ರ ನಂತರ ಒಂದು ರಾಜಕೀಯ ಪಕ್ಷದ ಮುಖವಾಣಿಯಾಯಿತು. ಆ ಪಕ್ಷಕ್ಕೆ ಬೆಳಗಾವಿ ಜಿಲ್ಲೆಯ ಜನ ಓಟು ಹಾಕಿದರು, ಗೆಲ್ಲಿಸಿ ಮುಂಬೈ ಶಾಸನಸಭೆಗೆ ಕಳಿಸಿದರು. ಹೀಗಿದ್ದೂ ಜುಲೈ 1ರ ಪಟ್ಟಿಯಲ್ಲಿ ‘ಜನತಾ’ ಇಲ್ಲ.

ಯಾಕಿಲ್ಲ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದು, ಅದು ಮರಾಠಿ ಪತ್ರಿಕೆ. ಎರಡು, ಅದು ಒಂದು ಜಾತಿಯ, ಒಂದು ಪಕ್ಷದ ಪತ್ರಿಕೆ; ನಾಡಿನ ಪತ್ರಿಕೆಯಲ್ಲ. ಎರಡೂ ಉತ್ತರಗಳು ಪೊಳ್ಳು. ಎರಡನೆಯದು ಪೊಳ್ಳಷ್ಟೇ ಅಲ್ಲ, ಅದರೊಳಗೆ ಹಳೆಯ ಮಡಿಯೂ ಇದೆ.

ಮೊದಲು ಪತ್ರಿಕೆಗಳ ಕತೆ. ‘ಮೂಕನಾಯಕ’ದ ಮೊದಲ ಸಂಚಿಕೆ 1920ರ ಜನವರಿ 31ರಂದು ಹೊರಬಂತು. ಪಾಕ್ಷಿಕ. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಅಂಬೇಡ್ಕರ್ ಆಗ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರು, ಸರ್ಕಾರಿ ಸಂಬಳದವರು. ಸಂಪಾದಕರೆಂದು ಪಾಂಡುರಂಗ ನಂದರಾಮ್ ಭಟಕರ್ ಅವರ ಹೆಸರಿತ್ತು. ಹೆಸರಿನ ಕೆಳಗೆ ತುಕಾರಾಮರ ಅಭಂಗ. ಇಂಥ ಪತ್ರಿಕೆ ಬರುತ್ತದೆ ಎಂಬ ಜಾಹೀರಾತನ್ನು ‘ಕೇಸರಿ’ಗೆ ಕಳಿಸಿದರೆ, ದುಡ್ಡು ಕೊಡುತ್ತೇವೆ ಎಂದರೂ ‘ಕೇಸರಿ’ ಹಾಕಲಿಲ್ಲ. ಟಿಳಕರು ಆಗ ಬದುಕಿದ್ದರು. ನಾಲ್ಕು ವರ್ಷ ಮೊದಲು, 1916ರಲ್ಲಿ, ಬೆಳಗಾವಿಯಲ್ಲೇ ಹೋಂ ರೂಲ್ ಲೀಗ್ ಕಟ್ಟಿದವರು ಅವರು. ಸ್ವರಾಜ್ಯದ ಜನ್ಮಸಿದ್ಧ ಹಕ್ಕಿನ ಬಗ್ಗೆ ಅಷ್ಟೆಲ್ಲ ಬರೆದ ಪತ್ರಿಕೆಯ ಜಾಹೀರಾತಿನ ಪುಟದಲ್ಲಿ ಅಸ್ಪೃಶ್ಯರ ಪತ್ರಿಕೆಗೆ ಒಂದಿಷ್ಟು ಇಂಚು ಜಾಗವಿರಲಿಲ್ಲ.

ಮೊದಲ ಸಂಪಾದಕೀಯದಲ್ಲಿ ಅಂಬೇಡ್ಕರ್ ಹಿಂದೂ ಸಮಾಜವನ್ನು ಮೆಟ್ಟಿಲಿಲ್ಲದ ಬಹುಮಹಡಿಯ ಗೋಪುರಕ್ಕೆ ಹೋಲಿಸಿದ್ದು ಈಗ ಬಹಳ ಜನಕ್ಕೆ ಗೊತ್ತು. ಅದೇ ಬರಹದ ಇನ್ನೊಂದು ಮಾತು ಅಷ್ಟು ಪ್ರಚಾರ ಪಡೆಯಲಿಲ್ಲ. ಮುಂಬೈ ಪ್ರಾಂತ್ಯದ ಪತ್ರಿಕೆಗಳಲ್ಲಿ ಹೆಚ್ಚಿನವು ತಂತಮ್ಮ ಜಾತಿಯ ಹಿತ ನೋಡಿಕೊಳ್ಳುತ್ತವೆ, ಬೇರೆಯವರ ಗೋಜಿಗೆ ಹೋಗುವುದಿಲ್ಲ ಎಂದರು. ಹಾಗೆ ಹೇಳಿ, ಅಸ್ಪೃಶ್ಯರ ಅಹವಾಲಿಗೆ ಒಂದಿಷ್ಟು ಜಾಗ ಕೊಟ್ಟ ‘ದೀನಮಿತ್ರ’, ‘ಜಾಗರೂಕ’, ‘ಜ್ಞಾನಪ್ರಕಾಶ’, ‘ಸುಬೋಧ ಪತ್ರಿಕಾ’ ಮುಂತಾದವನ್ನು ಹೆಸರು ಹಿಡಿದು ನೆನೆದರು. ಜಾಹೀರಾತೂ ಸಿಗದ ಪತ್ರಿಕೆಯೊಂದು ತನ್ನ ಮೊದಲ ಸಂಚಿಕೆಯಲ್ಲೇ ಬೇರೆ ಪತ್ರಿಕೆಗಳ ಋಣ ಒಪ್ಪಿಕೊಂಡಿತು. ಇಂಥ ಪತ್ರಿಕೆಗೆ ‘ಸಂಕುಚಿತ’ ಎಂಬ ಪಟ್ಟ.

ಆರು ತಿಂಗಳಲ್ಲಿ ಅಂಬೇಡ್ಕರ್ ಓದಲು ಮತ್ತೆ ಲಂಡನ್ನಿಗೆ ಹೋದರು. ಪತ್ರಿಕೆ ಕುಂಟುತ್ತ ನಡೆದು 1923ರಲ್ಲಿ ನಿಂತಿತು. ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಎರಡೇ ವಾರದಲ್ಲಿ, ಏಪ್ರಿಲ್ 3ರಂದು, ‘ಬಹಿಷ್ಕೃತ ಭಾರತ’ ಬಂತು. ಈ ಸಲ ಸಂಪಾದಕ ಅಂಬೇಡ್ಕರರೇ. ವಕೀಲಿ, ಸಭೆ, ಕೋರ್ಟು, ಕೌನ್ಸಿಲ್ಲು ಎಲ್ಲದರ ನಡುವೆ ಒಂದು ಸಂಚಿಕೆಯ ಇಪ್ಪತ್ತನಾಲ್ಕು ಅಂಕಣಗಳನ್ನು ಒಬ್ಬರೇ ತುಂಬಿಸಬೇಕಾಗಿ ಬರುತ್ತಿದೆ ಎಂದು ಅವರೇ ಬರೆದುಕೊಂಡರು, ಓದುಗರ ಮುಂದೆ ಸಾಲದ ಲೆಕ್ಕ ಇಟ್ಟರು. 1929ರ ನವೆಂಬರ್‌ನಲ್ಲಿ ಅದೂ ನಿಂತಿತು. ನಡುವೆ ಸಮಾಜ ಸಮತಾ ಸಂಘದ ಪತ್ರಿಕೆಯಾಗಿ ‘ಸಮತಾ’ ಬಂದು ಹೋಯಿತು. 1930ರ ನವೆಂಬರ್ 24ರಂದು ‘ಜನತಾ’ ಹುಟ್ಟಿತು. ಸಂಪಾದಕರು ದೇವರಾವ್ ವಿಷ್ಣು ನಾಯಕ್. ಇದು ಮಾತ್ರ ಸಾಯಲಿಲ್ಲ. ವರ್ಷ ತುಂಬುವ ಹೊತ್ತಿಗೆ ವಾರಪತ್ರಿಕೆಯಾಯಿತು. 1956ರಲ್ಲಿ ‘ಪ್ರಬುದ್ಧ ಭಾರತ’ ಎಂದು ಹೆಸರು ಬದಲಿಸಿಕೊಳ್ಳುವವರೆಗೂ ಇಪ್ಪತ್ತೈದು ವರ್ಷ ನಡೆಯಿತು.

ದುಂಡುಮೇಜಿನ ಪರಿಷತ್ತಿಗೆ ಹೋದ ಅಂಬೇಡ್ಕರ್ ಲಂಡನ್ನಿನಿಂದ ಬರೆದ ಪತ್ರಗಳು ‘ಜನತಾ’ದಲ್ಲಿ ಅಚ್ಚಾದವು. 1936ರ ಮೇ 31ರಂದು ನಾಯಗಾಂವ್‌ನಲ್ಲಿ ಮಹಾರ್ ಪರಿಷತ್ತಿನ ಮುಂದೆ ಧರ್ಮ ಬಿಡುವ ಬಗ್ಗೆ ಮಾಡಿದ ದೀರ್ಘ ಭಾಷಣ ಜನರ ಕೈಗೆ ಸಿಕ್ಕಿದ್ದೂ ಅದರ ಪುಟಗಳಿಂದ. ಅಕ್ಷರ ಬಲ್ಲವನು ಓದುವುದು, ಉಳಿದವರು ಸುತ್ತ ಕೂತು ಕೇಳುವುದು, ಹೀಗೆ ಒಂದು ಪ್ರತಿ ಹತ್ತು ಮನೆಗೆ ಆಗುತ್ತಿದ್ದ ಕಾಲ ಅದು. ಮುಂಬೈಯ ಗಿರಣಿಗಳಲ್ಲಿ ಅಸ್ಪೃಶ್ಯರನ್ನು ನೇಯ್ಗೆ ಖಾತೆಗೆ ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಉಳಿದ ಕೆಲಸಗಾರರು ಬಾಯಿಗಿಡಲು ಒಪ್ಪುತ್ತಿರಲಿಲ್ಲ. ಹೆಚ್ಚು ಸಂಬಳ ಇದ್ದದ್ದು ಆ ಖಾತೆಯಲ್ಲೇ. ಕೆಂಬಾವುಟದ ಯೂನಿಯನ್ನುಗಳೂ ಈ ವಿಷಯವನ್ನು ಬಹುಕಾಲ ಬದಿಗಿಟ್ಟಿದ್ದವು. ಹೀಗೆ ಮಾಲೀಕರೂ ಕಾರ್ಮಿಕ ಮುಖಂಡರೂ ಬದಿಗಿಟ್ಟದ್ದನ್ನು ಹೇಳಲು ಒಂದು ಪತ್ರಿಕೆ ಬೇಕಾಗಿತ್ತು.

1936ರ ಆಗಸ್ಟ್‌ನಲ್ಲಿ ಸ್ವತಂತ್ರ ಮಜೂರ್ ಪಕ್ಷ ಸ್ಥಾಪನೆಯಾಯಿತು. ಹೆಸರನ್ನು ಗಮನಿಸಬೇಕು. ಅದರಲ್ಲಿ ಜಾತಿ ಇಲ್ಲ, ಮಜೂರ ಇದ್ದಾನೆ. 1937ರ ಚುನಾವಣೆಯಲ್ಲಿ ಪಕ್ಷ ಹದಿನೇಳು ಕಡೆ ನಿಂತು ಬಹುಪಾಲು ಗೆದ್ದಿತು. ‘ಜನತಾ’ ಈಗ ಪಕ್ಷದ ದನಿ. ಕೊಂಕಣದ ಖೋತಿ ಜಮೀನುದಾರಿ ಪದ್ಧತಿಯನ್ನು ರದ್ದು ಮಾಡುವ ಮಸೂದೆಯನ್ನು ಅಂಬೇಡ್ಕರ್ ಸಭೆಯಲ್ಲಿ ಮಂಡಿಸಿದರು. 1938ರ ಜನವರಿಯಲ್ಲಿ ಸಾವಿರಾರು ರೈತರು ಮುಂಬೈಗೆ ಬಂದು ಮೆರವಣಿಗೆ ಮಾಡಿದರು. ಫೆಬ್ರವರಿಯಲ್ಲಿ ಮನಮಾಡ್‌ನ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಅಂಬೇಡ್ಕರ್ ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡನ್ನೂ ಶತ್ರುಗಳೆಂದು ಕರೆದರು. ಬಿ.ಜಿ. ಖೇರರ ಕಾಂಗ್ರೆಸ್ ಸರ್ಕಾರ ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಕೈಗಾರಿಕಾ ವಿವಾದಗಳ ಮಸೂದೆ ತಂದಾಗ, ಕಮ್ಯುನಿಸ್ಟರ ಜೊತೆ ಸೇರಿ 1938ರ ನವೆಂಬರ್ 7ರಂದು ಒಂದು ದಿನದ ಮುಷ್ಕರ ನಡೆಸಿತು. ಡಾಂಗೆ ಮತ್ತು ಅಂಬೇಡ್ಕರ್ ಒಂದೇ ವೇದಿಕೆ ಏರಿದರು.

ಇದನ್ನೆಲ್ಲ ವಾರವಾರ ಬರೆದ ಪತ್ರಿಕೆ ‘ಒಂದು ಜಾತಿಯ ಪತ್ರಿಕೆ’ ಹೇಗಾಯಿತು? ಖೋತಿ ಪದ್ಧತಿಯಲ್ಲಿ ನರಳಿದವರಲ್ಲಿ ಕುಣಬಿಗಳಿದ್ದರು. ಮುಷ್ಕರದ ಹಕ್ಕು ಪ್ರತಿ ಗಿರಣಿ ಕಾರ್ಮಿಕನದ್ದು. ಸಂಪಾದಕೀಯ ಬಳಗದ ದೇವರಾವ್ ನಾಯಕ್, ಗಂಗಾಧರ ಸಹಸ್ರಬುದ್ಧೆ ಬ್ರಾಹ್ಮಣರು. ಅಷ್ಟಾದರೂ ಜಾತಿಯ ಪತ್ರಿಕೆ. ಇತ್ತ, ‘ಕರ್ಮವೀರ’ವನ್ನು ಕಟ್ಟಿದ ರಂಗನಾಥ ದಿವಾಕರರು ಕಾಂಗ್ರೆಸ್ಸಿನ ಮುಂಚೂಣಿಯ ನಾಯಕರು, ‘ಸಂಯುಕ್ತ ಕರ್ನಾಟಕ’ದ ಹಿಂದೆಯೂ ಅವರೇ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ವಾರ್ತಾ ಖಾತೆಯನ್ನೂ ನೋಡಿಕೊಂಡರು. ಆ ಪತ್ರಿಕೆಗಳು ಪಟ್ಟ ಕಷ್ಟ ಸಣ್ಣದಲ್ಲ, ಅವುಗಳ ಜಾಗವನ್ನು ಯಾರೂ ಕಸಿಯಬೇಕಾಗಿಯೂ ಇಲ್ಲ. ಆದರೆ ಅವು ಕಾಂಗ್ರೆಸ್ ಪತ್ರಿಕೆಗಳಾಗಿದ್ದವು ಎಂಬ ನೇರ ಮಾತನ್ನು ಜುಲೈ 1ರ ಸಭೆಯಲ್ಲಿ ಯಾರೂ ಆಡುವುದಿಲ್ಲ. ಅವು ‘ರಾಷ್ಟ್ರೀಯ’, ‘ಜನತಾ’ ಮಾತ್ರ ‘ಪಕ್ಷದ್ದು’. ಗೆದ್ದ ಪಕ್ಷದ ಪತ್ರಿಕೆಗೆ ನಾಡಿನ ಹೆಸರು ಸಿಗುತ್ತದೆ, ಗೆಲ್ಲದ ಪಕ್ಷದ ಪತ್ರಿಕೆಗೆ ಪಕ್ಷದ ಹೆಸರೇ ಉಳಿಯುತ್ತದೆ.

ಪಕ್ಷದ ಪತ್ರಿಕೆ ಎಂಬುದು ಆ ಕಾಲದಲ್ಲಿ ನಾಚಿಕೆಯ ಮಾತಾಗಿರಲಿಲ್ಲ. ಇಟಲಿಯಲ್ಲಿ ಗ್ರಾಮ್ಷಿ 1924ರಲ್ಲಿ ‘ಲುನಿತಾ’ ತಂದರು. ಎರಡೇ ವರ್ಷದಲ್ಲಿ ಮುಸೊಲಿನಿ ಸರ್ಕಾರ ಅದನ್ನು ಮುಚ್ಚಿಸಿತು. ಬಲ್ಗೇರಿಯಾದ ಕಾರ್ಮಿಕರ ಪತ್ರಿಕೆ ‘ರಬೋತ್ನಿಚೆಸ್ಕೊ ದೆಲೊ’ 1927ರಲ್ಲಿ ಶುರುವಾಗಿ, 1934ರ ಸೈನಿಕ ಕ್ಷಿಪ್ರಕ್ರಾಂತಿ ಎಲ್ಲ ಪಕ್ಷಗಳನ್ನು ನಿಷೇಧಿಸಿದ ಮೇಲೆ ಭೂಗತವಾಯಿತು. ಯುದ್ಧ ಮುಗಿದು ಆ ಪಕ್ಷ ಅಧಿಕಾರಕ್ಕೆ ಬಂದಾಗ ಅದೇ ಪತ್ರಿಕೆ ದೇಶದ ಅಧಿಕೃತ ದನಿಯಾಗಿ ಮೆರೆಯಿತು. ಆ ಮೆರೆತ ಹೊಗಳುವಂಥದ್ದಲ್ಲ, ಅದು ಬೇರೆ ವಿಷಯ. ಆದರೆ ಆ ದೇಶಗಳ ಪತ್ರಿಕಾ ಚರಿತ್ರೆ ಬರೆಯುವವರು ಈ ಹೆಸರುಗಳನ್ನು ಬಿಟ್ಟು ಬರೆಯಲಾರರು.

ಇನ್ನು ‘ಜಾತಿಯ ಪತ್ರಿಕೆ’ ಎಂಬ ಮಾತು. ಮುಂಬೈಯ ಕನ್ನಡಿಗರಿಂದ ಈ ಮಾತು ಬಂದಾಗ ನಗು ಬರಬೇಕು. ಈ ಊರಿನ ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ‘ಮೊಗವೀರ’ವನ್ನು ಬಿಡಲಾರರು, ಬಿಲ್ಲವರ ಅಸೋಸಿಯೇಷನ್ನಿನ ‘ಅಕ್ಷಯ’ವನ್ನು, ಬಂಟರ ಸಂಘದ ‘ಬಂಟರವಾಣಿ’ಯನ್ನು ಬಿಡಲಾರರು. ಬಿಡಲೂಬಾರದು. ಆ ಸಮುದಾಯಗಳ ಮಕ್ಕಳು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕತೆಯ ಜೊತೆ ಆ ಪುಟಗಳು ಹೆಣೆದುಕೊಂಡಿವೆ. ಸಮುದಾಯವೊಂದು ತನ್ನ ಪತ್ರಿಕೆ ತಾನು ನಡೆಸಿದರೆ ಅದು ಕನ್ನಡ ಸಂಸ್ಕೃತಿ. ಅಸ್ಪೃಶ್ಯರು ನಡೆಸಿದರೆ ಜಾತಿವಾದ. ಈ ಅಳತೆಗೋಲು ಎಲ್ಲಿ ಸಿಕ್ಕಿತು ಎಂದು ಅಳೆಯುವವರೇ ಹೇಳಬೇಕು.

ಹೆಚ್ಚು ಗಟ್ಟಿ ಎನಿಸುವ ಉತ್ತರ ಮೊದಲನೆಯದು: ‘ಜನತಾ’ ಮರಾಠಿ ಪತ್ರಿಕೆ, ಕನ್ನಡ ಪತ್ರಿಕಾ ಚರಿತ್ರೆಯಲ್ಲಿ ಅದಕ್ಕೇನು ಕೆಲಸ?

1956ರ ನವೆಂಬರ್ 1ಕ್ಕೆ ಮೊದಲು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ರಾಜಧಾನಿ ಮುಂಬೈ. ಕಾನೂನು ಆಗುತ್ತಿದ್ದದ್ದು ಇಲ್ಲಿ, ಶಾಸಕರು ಕೂರುತ್ತಿದ್ದದ್ದು ಇಲ್ಲಿ. ಆ ಜಿಲ್ಲೆಗಳ ಅಸ್ಪೃಶ್ಯರ ರಾಜಕೀಯ ಕಟ್ಟಿದ್ದೂ ಇಲ್ಲೇ. 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆದದ್ದು ನಿಪ್ಪಾಣಿಯಲ್ಲಿ, ಅಂಬೇಡ್ಕರರ ಅಧ್ಯಕ್ಷತೆಯಲ್ಲಿ. 1920ರ ದಶಕದ ಕೊನೆಯಲ್ಲಿ ಅವರ ಶಿಕ್ಷಣ ಸಂಸ್ಥೆ ದಲಿತ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ನಡೆಸಿದ ಊರುಗಳಲ್ಲಿ ಧಾರವಾಡವೂ ಒಂದು. ಅದನ್ನು ನೋಡಿಕೊಂಡವರು ಬಳವಂತ ಹನುಮಂತ ವರಾಳೆ. 1937ರಲ್ಲಿ ಸ್ವತಂತ್ರ ಮಜೂರ್ ಪಕ್ಷದಿಂದ ಬೆಳಗಾವಿಯಲ್ಲಿ ನಿಂತು ಗೆದ್ದವರೂ ಅವರೇ. ಧಾರವಾಡದ ಹಾಸ್ಟೆಲಿನ ಹುಡುಗರು ‘ಕರ್ಮವೀರ’ದ ಊರಿನಲ್ಲೇ ಇದ್ದರು, ಅವರ ಪಕ್ಷದ ಪತ್ರಿಕೆ ಮಾತ್ರ ಮುಂಬೈಯಲ್ಲಿ ಅಚ್ಚಾಗುತ್ತಿತ್ತು.

1956ರಲ್ಲಿ ಗಡಿ ಬಿತ್ತು. ಜಿಲ್ಲೆಗಳನ್ನು ಹಂಚಿದ ಹಾಗೆ ಚರಿತ್ರೆಯನ್ನೂ ಹಂಚಿದರು. ನಿಪ್ಪಾಣಿ ಕರ್ನಾಟಕಕ್ಕೆ, ನಿಪ್ಪಾಣಿಯ ಪರಿಷತ್ತು ಮಹಾರಾಷ್ಟ್ರಕ್ಕೆ. ಧಾರವಾಡ ಈ ಕಡೆ, ಅಲ್ಲಿನ ಹಾಸ್ಟೆಲಿನ ಹುಡುಗರ ರಾಜಕೀಯ ಆ ಕಡೆ. ವರಾಳೆಯವರ ನೆನಪುಗಳು ಮರಾಠಿ ಪುಸ್ತಕವಾಗಿ ಮಹಾರಾಷ್ಟ್ರದ ಓದುಗರಿಗೆ ಪರಿಚಿತವಾದವು. ಅವರು ಕೆಲಸ ಮಾಡಿದ ಊರಿನ ಪತ್ರಿಕಾ ದಿನಾಚರಣೆಗಳಲ್ಲಿ ಅವರ ಹೆಸರು ಕೇಳುವುದೇ ಅಪರೂಪ.

ಭಾಷೆಯ ಕಟ್ಟುನಿಟ್ಟು ನಿಜವಾಗಿದ್ದರೆ ‘ಕೇಸರಿ’ಯನ್ನೂ ಹೊರಗಿಡಬೇಕಿತ್ತು. ಇಟ್ಟಿಲ್ಲ. ಆಲೂರು ವೆಂಕಟರಾಯರ ಮೇಲೆ ಟಿಳಕರ ಪ್ರಭಾವ, ಅವರು ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದದ್ದು, ಉತ್ತರ ಕರ್ನಾಟಕದ ಮನೆಮನೆಗೆ ‘ಕೇಸರಿ’ ಬರುತ್ತಿದ್ದದ್ದು, ಇವೆಲ್ಲ ಕನ್ನಡದ ಎಚ್ಚರದ ಕತೆಯ ಮೊದಲ ಅಧ್ಯಾಯದಲ್ಲೇ ಬರುತ್ತವೆ. ಬರಲಿ. ಆದರೆ ಧಾರವಾಡದ ವಕೀಲರ ಮನೆಗೆ ಬಂದ ಮರಾಠಿ ಪತ್ರಿಕೆ ಕನ್ನಡದ ಚರಿತ್ರೆಯೊಳಗೆ ಸೇರುತ್ತದೆ, ಧಾರವಾಡದ ಹಾಸ್ಟೆಲಿನ ಹುಡುಗರ ಪಕ್ಷದ ಮರಾಠಿ ಪತ್ರಿಕೆ ಸೇರುವುದಿಲ್ಲ ಎಂದರೆ, ಅಡ್ಡಿ ಮರಾಠಿಯದಲ್ಲ.

‘ಹರಿಜನ’ದ ವಿಷಯವೂ ಹೀಗೆಯೇ. ಗಾಂಧಿಯವರು 1933ರ ಫೆಬ್ರವರಿಯಲ್ಲಿ ಪುಣೆಯಿಂದ ಆ ವಾರಪತ್ರಿಕೆ ಶುರು ಮಾಡಿದರು, ಇಂಗ್ಲಿಷಿನಲ್ಲಿ. ಮೊದಲ ಸಂಚಿಕೆಗೆ ಅಂಬೇಡ್ಕರರಿಂದ ಸಂದೇಶ ಕೇಳಿದರು. ಅಂಬೇಡ್ಕರ್ ಸಂದೇಶ ಕಳಿಸಲಿಲ್ಲ, ಜಾತಿ ಇರುವವರೆಗೆ ಜಾತಿಹೊರಗಿನವರೂ ಇರುತ್ತಾರೆ ಎಂಬ ತಮ್ಮ ನಿಲುವನ್ನು ಕಳಿಸಿದರು. ಗಾಂಧಿ ಅದನ್ನು ಅಚ್ಚು ಹಾಕಿ ಉತ್ತರವನ್ನೂ ಬರೆದರು. ಆ ಮಟ್ಟಿಗೆ ಅವರು ‘ಕೇಸರಿ’ಗಿಂತ ದೊಡ್ಡವರು. ಆದರೆ ಇವತ್ತು ಯಾವುದೇ ಕನ್ನಡ ಶಾಲೆಯ ಹುಡುಗನನ್ನು ಕೇಳಿದರೆ ‘ಹರಿಜನ’ ಪತ್ರಿಕೆ ಯಾರದೆಂದು ಹೇಳುತ್ತಾನೆ. ‘ಜನತಾ’ ಯಾರದೆಂದು ಮೇಷ್ಟ್ರನ್ನೂ ಕೇಳುವ ಹಾಗಿಲ್ಲ. ಅಸ್ಪೃಶ್ಯರ ಕುರಿತು ಇನ್ನೊಬ್ಬರು ಬರೆದ ಪತ್ರಿಕೆ ಪಾಠವಾಯಿತು, ಅಸ್ಪೃಶ್ಯರೇ ಬರೆದದ್ದು ಅಡಿಟಿಪ್ಪಣಿಯೂ ಆಗಲಿಲ್ಲ.

‘ಜನತಾ’ಕ್ಕೂ, ಅದರ ಪಕ್ಷಕ್ಕೂ ಒಂದು ಲೋಪವಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಕನ್ನಡ ಜಿಲ್ಲೆಗಳಲ್ಲಿ ಸಭೆ ನಡೆಸಿ ಓಟು ಕೇಳಿದ ಪಕ್ಷ ತನ್ನ ಪತ್ರಿಕೆಯನ್ನು ಮರಾಠಿಯಲ್ಲೇ ನಡೆಸಿತು. ಮರಾಠಿ ಬಲ್ಲ ನಿಪ್ಪಾಣಿ, ಚಿಕ್ಕೋಡಿಯವರಿಗೆ ಅದು ಸಾಕಾಗಿತ್ತು. ಗದಗ, ರಾಣೆಬೆನ್ನೂರಿನ ಕೇರಿಗಳಿಗೆ ಸಾಲುತ್ತಿರಲಿಲ್ಲ. ಹೊಲೆಯ, ಮಾದಿಗ ಕೇರಿಗಳ ಕನ್ನಡದಲ್ಲಿ ಮಾತಾಡುವ ‘ಜನತಾ’ ಒಂದಿದ್ದಿದ್ದರೆ ಮುಂದಿನ ನಲವತ್ತು ವರ್ಷದ ಮೌನ ಅಷ್ಟು ದಟ್ಟವಾಗಿರುತ್ತಿರಲಿಲ್ಲ. 1970ರ ದಶಕದಲ್ಲಿ ‘ಪಂಚಮ’ ಬರುವವರೆಗೆ ಕಾಯಬೇಕಾಯಿತು. ‘ಪಂಚಮ’ದ ಹುಡುಗರು ಮೊದಲಿನಿಂದ ಶುರು ಮಾಡುತ್ತಿದ್ದೇವೆ ಎಂದುಕೊಂಡಿದ್ದರೆ ಅವರ ತಪ್ಪಲ್ಲ, ಅವರಿಗೆ ಹಿಂದಿನದನ್ನು ಯಾರೂ ದಾಟಿಸಿರಲಿಲ್ಲ. ಬೇರೆಯವರ ಪಟ್ಟಿಯಲ್ಲಿ ಸೇರದ್ದಕ್ಕೆ ಇಷ್ಟು ಬೆಲೆ ತೆರಬೇಕಾಗುತ್ತದೆ.

ಮಹಾರಾಷ್ಟ್ರ ಈ ಪತ್ರಿಕೆಗಳನ್ನು ಕಣ್ಣಿಗೊತ್ತಿಕೊಂಡು ಕಾಪಾಡಿದೆ ಎಂದೂ ಯಾರೂ ಭಾವಿಸಬಾರದು. ‘ಬಹಿಷ್ಕೃತ ಭಾರತ’ ಮತ್ತು ‘ಮೂಕನಾಯಕ’ಗಳನ್ನು ಸರ್ಕಾರ ಒಂದು ಸಂಪುಟವಾಗಿ ತಂದದ್ದು 1990ರಲ್ಲಿ, ವಸಂತ ಮೂನ್ ಅವರ ಹಟದ ದುಡಿಮೆಯಿಂದ. ಮೊದಲ ಸಂಚಿಕೆ ಬಂದು ಎಪ್ಪತ್ತು ವರ್ಷ ಆಗಿತ್ತು. ಅಂಬೇಡ್ಕರ್ ಸಂಪುಟಗಳನ್ನು ಅಚ್ಚು ಮಾಡಲು ಕೋಟಿಗಟ್ಟಲೆ ರೂಪಾಯಿಯ ಕಾಗದ ಕೊಂಡು ಹಾಗೇ ಬಿಟ್ಟಿದ್ದಾರೆ ಎಂಬ ಪತ್ರಿಕಾ ವರದಿ ಓದಿ, 2021ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಅದಕ್ಕೂ ಮೊದಲು, 2016ರ ಜೂನ್ 25ರ ನಸುಕಿನಲ್ಲಿ, ದಾದರ್ ಪೂರ್ವದ ಗೋಕುಲದಾಸ್ ಪಾಸ್ತಾ ರಸ್ತೆಯ ಅಂಬೇಡ್ಕರ್ ಭವನವನ್ನು ಬುಲ್ಡೋಜರ್ ಕೆಡವಿತು. ಭಾರತಭೂಷಣ ಎಂಬ ಹೆಸರಿನಲ್ಲಿ ಹುಟ್ಟಿ ಮುಂದೆ ಬುದ್ಧಭೂಷಣ ಎಂದಾದ ಮುದ್ರಣಾಲಯ ಇದ್ದದ್ದು ಅಲ್ಲೇ. ಅಂಬೇಡ್ಕರರ ಪತ್ರಿಕೆಗಳನ್ನು ಅಚ್ಚು ಹಾಕಿದ ಮುದ್ರಣಾಲಯ ಅದು. ಮುಂದಿನ ತಿಂಗಳು ಮುಂಬೈಯ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಬಿದ್ದ ಗೋಡೆ ಮೆರವಣಿಗೆಯಿಂದ ಏಳುವುದಿಲ್ಲ.

ಆ ರಸ್ತೆ ಮಾಟುಂಗದ ಕನ್ನಡ ಸಭಾಂಗಣಗಳಿಂದ ದೂರವೇನಲ್ಲ. ಮೈಸೂರು ಅಸೋಸಿಯೇಷನ್ನು 1926ರದ್ದು, ಕರ್ನಾಟಕ ಸಂಘ 1933ರದ್ದು. ‘ಬಹಿಷ್ಕೃತ ಭಾರತ’, ‘ಜನತಾ’ಗಳ ಓರಗೆಯ ಸಂಸ್ಥೆಗಳು. ವಡಾಲಾದಲ್ಲಿ ಕನ್ನಡ ಶಾಲೆ ಕಟ್ಟಿದ ಜನ ಇದೇ ಕನ್ನಡಿಗರು. ಒಂದೇ ಕಾಲದಲ್ಲಿ, ಒಂದೇ ರೈಲಿನ ಮೂರ್ನಾಲ್ಕು ನಿಲ್ದಾಣಗಳ ಅಂತರದಲ್ಲಿ ಬೆಳೆದ ಎರಡು ಲೋಕಗಳು ಇವು. ಅವುಗಳ ನಡುವೆ ಮಾತುಕತೆ ಯಾಕೆ ನಡೆಯಲಿಲ್ಲ ಎಂದು ಸಂಶೋಧಕರು ಕೇಳಬೇಕು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಮುಂಬೈ ಕನ್ನಡಿಗರ ಸಣ್ಣಪುಟ್ಟ ನಿಯತಕಾಲಿಕಗಳ ಮೇಲೂ ಕೆಲಸ ಮಾಡಿಸಿದ ವಿಭಾಗ ಅದು. ‘ಜನತಾ’ದ ಸಂಚಿಕೆಗಳಲ್ಲಿ ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ವಿಜಾಪುರಗಳಿಂದ ಬಂದ ಸುದ್ದಿಯನ್ನು ಹುಡುಕಿ ತೆಗೆದು, ಕನ್ನಡಕ್ಕೆ ತಂದು, ಒಂದು ಪುಸ್ತಕ ಮಾಡುವುದು ಮರಾಠಿ ಬಲ್ಲ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಎರಡು ವರ್ಷದ ಕೆಲಸ. ಆ ಭಾಷೆ ಬಲ್ಲ ಕನ್ನಡದ ಹುಡುಗರು ಬೇಕೆಂದರೆ ಆಂಟಾಪ್ ಹಿಲ್‌ನಲ್ಲೇ ಸಿಗುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಎರಡೂ ನಾಲಿಗೆ ತುದಿಯಲ್ಲಿವೆ. ಕನ್ನಡ ಓದಲು ಬರೆಯಲು ಅವರಿಗೆ ಯಾರಾದರೂ ಕಲಿಸಬೇಕು. ಮುಂಬೈಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಖಾಲಿಯಾಗುತ್ತಿರುವಾಗ ಅದೂ ಬೇಗ ಆಗಬೇಕು.

ಪ್ರತಿ ಡಿಸೆಂಬರ್ 6ರಂದು ದಾದರ್‌ನ ಶಿವಾಜಿ ಪಾರ್ಕ್ ಪುಸ್ತಕದಂಗಡಿಗಳ ಊರಾಗುತ್ತದೆ. ಚೈತ್ಯಭೂಮಿಯ ಸಾಲು ಕರಗುವವರೆಗೆ ಜನ ಪುಸ್ತಕ ತಿರುವುತ್ತಾರೆ, ಚೌಕಾಸಿ ಮಾಡುತ್ತಾರೆ, ಹೆಗಲ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಕಲಬುರಗಿ ಕಡೆಯಿಂದ ರಾತ್ರಿ ರೈಲಿನಲ್ಲಿ ಬಂದವರೂ, ಆಂಟಾಪ್ ಹಿಲ್‌ನಿಂದ ಮಕ್ಕಳ ಕೈ ಹಿಡಿದು ಬಂದವರೂ ಅಲ್ಲಿರುತ್ತಾರೆ. ‘ಮೂಕನಾಯಕ’ದ ಹಳೆಯ ಮೊದಲ ಪುಟವನ್ನು ಪೋಸ್ಟರ್ ಮಾಡಿ ಮಾರುವವರು ಕೂಗಿ ಕರೆಯುತ್ತಾರೆ. ಅದರ ಮೇಲಿನ ದೊಡ್ಡ ಅಕ್ಷರಗಳನ್ನು ಕನ್ನಡದ ಮಗು ಒಂದೊಂದಾಗಿ ಕೂಡಿಸಿ ಓದುತ್ತದೆ, ಅಪ್ಪನ ಮುಖ ನೋಡುತ್ತದೆ. ಇದು ಕನ್ನಡವೇ ಅಲ್ಲವೇ ಎಂದು ಕೇಳುತ್ತದೆ.